ಓದಲಿಕ್ಕೆ ಕೊಂಡ ತಪ್ಪಲೆ

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವಾಗ ಒಂದು ವಾಸನೆ ಏಳುತ್ತದೆ. ಬರೀ ಹುಳಿ ವಾಸನೆಯೂ ಅಲ್ಲ, ಬರೀ ಲೋಹದ್ದೂ ಅಲ್ಲ. ಅದು ಮೂಗಿಗೆ ಬಿದ್ದರೆ ಸಾಕು, ಮೈಸೂರಿನ ನಮ್ಮ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತಿರುವ ನಾನು ಪೆರಂಬೂರಿಗೆ ಹೋಗಿಬಿಡುತ್ತೇನೆ. ಮೊನ್ನೆ ಚೆನ್ನೈಗೆ ಹೊರಡುವ ಹಿಂದಿನ ದಿನ ಆ ತಪ್ಪಲೆಯನ್ನು ಉಜ್ಜುತ್ತಿದ್ದೆ. ಅದರ ಕಂಠದ ಮೇಲೆ ಕೊರೆದಿರುವ ಅಕ್ಷರಗಳ ಸಂದಿಯಲ್ಲಿ ಹುಣಸೆ ಸಿಕ್ಕಿಕೊಳ್ಳುತ್ತದೆ. ಅದನ್ನು ಪೊರಕೆಕಡ್ಡಿಯಲ್ಲಿ ಕೆದಕಿ ತೆಗೆಯಬೇಕು. ತೆಗೆಯುತ್ತಾ ತೆಗೆಯುತ್ತಾ ಆ ಒಂದು ವರ್ಷ ಪೂರ್ತಿ ಕಣ್ಣಮುಂದೆ ಬಂತು.

ನಮ್ಮವರು ರೈಲ್ವೆಯಲ್ಲಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಅವರನ್ನು ಒಂದು ವರ್ಷದ ಮಟ್ಟಿಗೆ ಪೆರಂಬೂರಿಗೆ ಹಾಕಿದರು. ಒಂದು ವರ್ಷಕ್ಕೆ ಸಂಸಾರವೆಲ್ಲ ಹೊತ್ತುಕೊಂಡು ಹೋಗುವುದೇಕೆ ಅಂತ ನಮ್ಮತ್ತೆ ಎರಡು ಟ್ರಂಕು, ಒಂದು ಕುಕ್ಕರು, ಒಂದು ಒಗ್ಗರಣೆ ಸೌಟು ಕೊಟ್ಟು ರೈಲು ಹತ್ತಿಸಿದರು. ಊರಿನ ಹೆಸರು ಚೆನ್ನೈ ಅಂತ ಬದಲಾಗಿ ಸ್ವಲ್ಪ ಕಾಲವಾಗಿತ್ತು, ನಮ್ಮತ್ತೆಗೆ ಮಾತ್ರ ಕೊನೆಯವರೆಗೂ ಅದು ಮದ್ರಾಸೇ. ನಾವು ಇಳಿದದ್ದು ಜೂನಿನಲ್ಲಿ. ಮೇ ತಿಂಗಳ ಕತ್ತಿರಿ ಬಿಸಿಲು ಮುಗಿಯಿತು ಅಂತ ಅಕ್ಕಪಕ್ಕದವರು ಸಮಾಧಾನ ಹೇಳುತ್ತಿದ್ದರು. ಅದು ಮುಗಿದ ಯಾವ ಗುರುತೂ ನನಗೆ ಕಾಣಲಿಲ್ಲ. ಬೆಳಿಗ್ಗೆ ನೀರಿನ ಲಾರಿಗೆ ಪ್ಲಾಸ್ಟಿಕ್ ಕೊಡ ಹಿಡಿದು ನಿಲ್ಲುವುದು, ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸಿ ಅದರ ಮೇಲೇ ಮಲಗುವುದು, ಸಂಜೆ ಸಮುದ್ರದ ಗಾಳಿ ಬರಬಹುದು ಅಂತ ಕಿಟಕಿ ತೆಗೆದಿಟ್ಟು ಕಾಯುವುದು. ಇದೇ ನನ್ನ ದಿನಚರಿ.

ಸೆಕೆಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಇನ್ನೊಂದು. ನಾನು ಬಿ.ಎ. ಪಾಸು ಮಾಡಿದವಳು, ಅನ್ನ ಇಲ್ಲದಿದ್ದರೂ ಓದಲು ಏನಾದರೂ ಬೇಕು ಅನ್ನುವ ಜಾತಿ. ಅಲ್ಲಿ ನೋಡಿದರೆ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಗೋಡೆಯ ಮೇಲಿನ ಬರಹ ಎಲ್ಲ ತಮಿಳು. ಇದ್ದಕ್ಕಿದ್ದಂತೆ ಹೆಬ್ಬೆಟ್ಟಾಗಿ ಹೋದೆ. ಟ್ರಂಕಿನಲ್ಲಿ ಸಾಮಾನು ಸುತ್ತಿ ತಂದಿದ್ದ ಹಳೇ ಪೇಪರನ್ನು, ಬಾವಿ ಕೊರೆಯುವವರ ಜಾಹೀರಾತೂ ಬಿಡದೆ, ಎರಡೆರಡು ಸಲ ಓದಿ ಮುಗಿಸಿದ್ದೆ. ಇದನ್ನು ಹೇಳಿಕೊಂಡರೆ ನಮ್ಮವರು ನಗುತ್ತಿದ್ದರು.

ಕೂರಲು ಎರಡು ಕುರ್ಚಿ ಬೇಕು ಅಂತ ಹುಡುಕುವಾಗ ಸಿಕ್ಕಿದ್ದು ಆ ಅಂಗಡಿ. ಹಳೇ ರೈಲ್ವೆ ಮನೆಗಳ ಸಾಲಿನ ಕೊನೆಯಲ್ಲಿ ಒಂದು ಚರ್ಚು, ಅದರ ಹಿಂದೆ ಹೆಂಚಿನ ಮಾಡಿನ ಉದ್ದನೆಯ ಕೋಣೆ. ಜನ ತಮಗೆ ಬೇಡವಾದದ್ದನ್ನು ಅಲ್ಲಿಗೆ ಕೊಟ್ಟುಬಿಡುತ್ತಿದ್ದರು. ಮಾರಿ ಬಂದದ್ದು ದಿಕ್ಕಿಲ್ಲದ ವಯಸ್ಸಾದವರ ಆಶ್ರಮಕ್ಕೆ ಹೋಗುತ್ತಿತ್ತು. ಶನಿವಾರ ಬೆಳಿಗ್ಗೆ ಮಾತ್ರ ಬಾಗಿಲು. ಒಳಗೆ ಹೋದರೆ ಗುಳಿಗೆ ಕರ್ಪೂರದ ಘಾಟು. ಜೋಡಿ ಕಳೆದುಕೊಂಡ ಕಪ್ಪುಗಳು, ಮದುವೆ ಕೋಟುಗಳು, ಮಾತಾಡದ ರೇಡಿಯೋ, ಒಂದೇ ಕಾಲಿನ ಹೊಲಿಗೆ ಮಿಷನ್ ಸ್ಟ್ಯಾಂಡು, ಯಾವುದೋ ದೊರೆಯ ಕಾಲದ ಹ್ಯಾಟುಗಳು. ಮೇಜಿನ ಹಿಂದೆ ಹೂವಿನ ಫ್ರಾಕು ತೊಟ್ಟು ಕೂತಿದ್ದವರು ಡಾರತಿ ಆಂಟಿ. ಆಂಗ್ಲೋ ಇಂಡಿಯನ್ ಹೆಂಗಸು, ಗಂಡ ರೈಲಿನ ಎಂಜಿನ್ ಓಡಿಸಿ ರಿಟೈರಾದವರು.

ಆ ಅಂಗಡಿಯಲ್ಲಿ ಎರಡು ಕಟ್ಟಳೆ. ಚೌಕಾಸಿ ಮಾಡುವ ಹಾಗಿಲ್ಲ. ಎರಡನೆಯದು ವಿಚಿತ್ರ: ಕೈಗೆತ್ತಿಕೊಂಡ ವಸ್ತು ಯಾತಕ್ಕೆ ಅಂತ ಹೇಳಬೇಕು. ಮೇಜಿನ ಮೇಲೆ ಇಟ್ಟ ಕೂಡಲೇ ಡಾರತಿ ಆಂಟಿ ಕನ್ನಡಕದ ಮೇಲಿಂದ ನೋಡಿ, "ಎದುಕ್ಕು ಮಾ?" ಅನ್ನುತ್ತಿದ್ದರು. ಯಾತಕ್ಕಮ್ಮ ಅಂತ. ಕೂರೋದಕ್ಕೆ, ಅನ್ನ ಬಸಿಯೋದಕ್ಕೆ ಅಂತ ಏನೋ ಒಂದು ಹೇಳಿದರೆ ತಲೆಯಾಡಿಸಿ ಹಳೇ ಪೇಪರಿನಲ್ಲಿ ಸುತ್ತಿಕೊಡುತ್ತಿದ್ದರು. ಹೇಳದಿದ್ದರೆ ಕೊಡುತ್ತಿರಲಿಲ್ಲ. ಕೊಟ್ಟವರು ಕೇಳಿದರೆ ನಾನು ಏನಾದರೂ ಹೇಳಬೇಡವೇ ಅನ್ನುವುದು ಅವರ ವಾದ. ಯಾರೂ ಬಂದು ಕೇಳುವುದಿಲ್ಲ ಅಂತ ಆಗ ನಾನು ಅಂದುಕೊಂಡಿದ್ದೆ.

ನಮ್ಮ ಕಡೆ ಇನ್ನೊಬ್ಬರು ಬಳಸಿ ಬಿಟ್ಟದ್ದನ್ನು ಮನೆಗೆ ತರುವುದೆಂದರೆ ಮಾನ ಹೋದ ಹಾಗೆ. ನಮ್ಮತ್ತೆಗೆ ಗೊತ್ತಾಗಿದ್ದರೆ ಅಷ್ಟನ್ನೂ ಬೀದಿಗೆ ಇಡಿಸುತ್ತಿದ್ದರು. ಹಾಗಾಗಿ ಶನಿವಾರದ ನನ್ನ ವ್ಯಾಪಾರ ಗುಟ್ಟಿನದು. ಯಾರಾದರೂ ಮನೆಗೆ ಬಂದು ಕುರ್ಚಿ ಚೆನ್ನಾಗಿದೆ ಅಂದರೆ, ಟಿ. ನಗರದಲ್ಲಿ ತಗೊಂಡದ್ದು ಅಂತ ಸಲೀಸಾಗಿ ಹೇಳುತ್ತಿದ್ದೆ. ಟಿ. ನಗರವನ್ನು ನಾನಿನ್ನೂ ನೋಡಿಯೇ ಇರಲಿಲ್ಲ. ಆದರೂ ನಿಜ ಹೇಳಬೇಕೆಂದರೆ ಆ ಕೋಣೆಯಲ್ಲಿ ಕಳೆದ ಬೆಳಗುಗಳಷ್ಟು ಸುಖ ನನಗೆ ಆ ಊರಿನಲ್ಲಿ ಮೊದಮೊದಲು ಬೇರೆಲ್ಲೂ ಸಿಗಲಿಲ್ಲ.

ಜುಲೈ ತಿಂಗಳ ಒಂದು ಶನಿವಾರ ಮೂಲೆಯಲ್ಲಿ ಮಸಿ ಹಿಡಿದ ಹಿತ್ತಾಳೆ ತಪ್ಪಲೆಯೊಂದು ಕಂಡಿತು. ಹತ್ತು ಜನಕ್ಕೆ ಅನ್ನ ಕಲಸುವಷ್ಟು ಅಗಲ. ಇಬ್ಬರ ಸಂಸಾರಕ್ಕೆ ಅದು ಯಾಕೆ? ಸುಮ್ಮನೆ ಹೊರಳಿಸಿದೆ. ಕಂಠದ ಮೇಲೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ. ಸೆರಗಿನಿಂದ ಒರೆಸಿದೆ. "ಸುನಂದೆಗೆ ಅಮ್ಮ." ಕನ್ನಡ! ಪಾತ್ರೆಯ ಅಂಗಡಿಯವರು ಬರೆಯುವ ಅದೇ ಸೊಟ್ಟಂಬಟ್ಟ ಕನ್ನಡ. ಯಾವಳೋ ತಾಯಿ ಮಗಳಿಗೆ ಮದುವೆಯಲ್ಲಿ ಕೊಟ್ಟದ್ದು. ಅಲ್ಲೇ ನೆಲದ ಮೇಲೆ ಕೂತು ಆ ಎರಡು ಪದವನ್ನು ಎಷ್ಟು ಸಲ ಓದಿದೆನೋ. ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮೇಜಿನ ಮೇಲೆ ತಂದಿಟ್ಟೆ. "ಎದುಕ್ಕು ಮಾ?" ಬಾಯಿಗೆ ಬೇರೆ ಏನೂ ಬರಲಿಲ್ಲ. ಕಲಿತಿದ್ದ ನಾಲ್ಕು ತಮಿಳು ಮಾತಿನಲ್ಲಿ ಒಂದನ್ನು ತೆಗೆದು, "ಪಡಿಕ್ಕ," ಅಂದೆ. ಓದೋದಕ್ಕೆ. ಡಾರತಿ ಆಂಟಿ ಒಮ್ಮೆ ತಪ್ಪಲೆಯನ್ನು, ಒಮ್ಮೆ ನನ್ನನ್ನು ನೋಡಿದರು. ಅಕ್ಷರದ ಮೇಲೆ ಬೆರಳಿಟ್ಟು ಓದಿ ತೋರಿಸಿದೆ. ಅವರು ತಲೆಯಾಡಿಸಿ ಸುತ್ತಿಕೊಟ್ಟರು.

ಪೆರಂಬೂರಿನ ಸುತ್ತ ಹತ್ತು ಹದಿನೈದು ಕನ್ನಡದ ಮನೆಗಳಿದ್ದವು. ನಮ್ಮ ಮೈಸೂರು, ಹಾಸನದ ಕಡೆಯವರು ಕೆಲವರು, ಉಡುಪಿ ಕಡೆಯ ಹೋಟೆಲಿನವರು ಕೆಲವರು. ಗಣೇಶನ ಹಬ್ಬ ಕಳೆದ ಭಾನುವಾರ ಒಂದು ಛತ್ರದ ಮಹಡಿಯಲ್ಲಿ ಎಲ್ಲರೂ ಸೇರುವುದು, ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿ ತರುವುದು. ನನಗೆ ಪುಳಿಯೋಗರೆ ಬಿತ್ತು. ಅಷ್ಟು ಹಿಡಿಸುವ ಪಾತ್ರೆ ನನ್ನಲ್ಲಿ ಇದ್ದದ್ದು ಅದೊಂದೇ. ಕಲಾಯಿ ಹಾಕಿಸಿದ್ದೆ, ಬಂಗಾರದ ಹಾಗೆ ಬೆಳಗಿದ್ದೆ. ಪುಳಿಯೋಗರೆಯನ್ನು ಎಲ್ಲರೂ ಹೊಗಳಿದರು. ಬಂದು ಮೂರು ತಿಂಗಳಲ್ಲಿ ಮೊದಲನೇ ಸಲ ಬಾಯ್ತುಂಬ ಮಾತಾಡಿದೆ. ಗಿರಿಜಾ ಅಂತ ಹೆಸರು ಹಿಡಿದು ಕರೆಯುವ ನಾಲ್ಕು ಜನ ಸಿಕ್ಕರು.

ಊಟವಾದ ಮೇಲೆ ಪಾತ್ರೆಗಳನ್ನೆಲ್ಲ ತೊಳೆದು ಸಾಲಾಗಿ ಬೋರಲು ಹಾಕಿದರು. ಯಾರ ಪಾತ್ರೆ ಯಾರದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಕಂಠದ ಮೇಲೆ ಹೆಸರಿರುತ್ತದೆ, ಓದುವುದು, ಕೊಡುವುದು. ಆ ಕೆಲಸ ಕಮಲಮ್ಮನವರದು. ಮೂವತ್ತು ವರ್ಷದಿಂದ ಅಲ್ಲೇ ಇದ್ದವರು, ಎಲ್ಲರ ಮನೆಯ ಅಡುಗೆಮನೆಯೂ ಅವರಿಗೆ ಗೊತ್ತು. ನನ್ನ ತಪ್ಪಲೆ ಎತ್ತಿ ಓದಿದವರು ಹುಬ್ಬು ಗಂಟಿಕ್ಕಿದರು. ಇದು ಹೋಟೆಲಿನ ಸುನಂದಮ್ಮನದು, ಅವರಿಗೆ ಮಂಡಿನೋವು ಅಂತ ಬಂದೇ ಇಲ್ಲ, ಪಾತ್ರೆ ಹೇಗೆ ಬಂತು ಅಂತ ಗಟ್ಟಿಯಾಗಿ ಕೇಳಿದರು. ಪುಳಿಯೋಗರೆ ಇದ್ದದ್ದು ಅದರಲ್ಲೇ ಅಲ್ಲವೇ ಅಂತ ಇನ್ನೊಬ್ಬರು ಅಂದರು. ಎಲ್ಲರ ಕಣ್ಣೂ ನನ್ನ ಮೇಲೆ.

ಆ ಸುನಂದೆ ಅದೇ ಬೀದಿಗಳಲ್ಲಿ ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಸುಮ್ಮನಿದ್ದರೆ ಕಳ್ಳಿ ಅನ್ನುತ್ತಾರೆ. ನಿಜ ಹೇಳಿದರೆ, ಊರೆಲ್ಲ ತಿಂದು ಹೊಗಳಿದ ಪುಳಿಯೋಗರೆ ದಾನದ ಅಂಗಡಿಯ ಪಾತ್ರೆಯದು ಅಂತಾಗುತ್ತದೆ. ಆಗಷ್ಟೇ ಸಿಕ್ಕ ನಾಲ್ಕು ಜನ ಆಗಲೇ ಹೋಗುತ್ತಾರೆ. ನಾಲಿಗೆ ತಾನಾಗಿಯೇ ಹೊರಳಿತು. ಹೌದು, ಅವರ ಮನೆಯಿಂದಲೇ ಇಸಕೊಂಡು ಬಂದೆ ಅಂದುಬಿಟ್ಟೆ.

"ಹಾಗಾದ್ರೆ ಕವಲೆ ಬಿಡಿ," ಅಂದರು ಕಮಲಮ್ಮ. ಅವರ ಕನ್ನಡದಲ್ಲಿ ಚಿಂತೆ ಯಾವತ್ತೋ ಕವಲೆಯಾಗಿತ್ತು. "ನಾನು ಆ ಕಡೆಯೇ ಹೋಗ್ತಿರೋದು, ಕೊಟ್ಟುಬಿಡ್ತೀನಿ." ತಪ್ಪಲೆ ಅವರ ಜೊತೆ ಆಟೋ ಹತ್ತಿ ಹೊರಟೇ ಹೋಯಿತು.

ಮನೆಗೆ ಬಂದು ನಮ್ಮವರಿಗೆ ಹೇಳಿದರೆ, ಒಂದು ಪಾತ್ರೆ ಹೋದರೆ ಹೋಗಲಿ ಬಿಡು ಅಂದರು. ಗಂಡಸರಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತದೆ? ಇವತ್ತಲ್ಲ ನಾಳೆ ಸುನಂದಮ್ಮನವರು, ಯಾವ ಗಿರಿಜಾ, ಯಾರಿಗೆ ಕೊಟ್ಟೆ ನಾನು ಅಂತ ಕಮಲಮ್ಮನನ್ನು ಕೇಳಿಯೇ ಕೇಳುತ್ತಾರೆ. ಅಷ್ಟರೊಳಗೆ ಸುನಂದಮ್ಮನವರ ಕಾಲಿಗೆ ಬಿದ್ದಾದರೂ ನಿಜ ಹೇಳಿ ಬಾಯಿ ಮುಚ್ಚಿಸಬೇಕು. ಮಾರನೆಯ ಬೆಳಿಗ್ಗೆ ಸ್ಟೇಷನ್ ಹತ್ತಿರದ ಅವರ ಹೋಟೆಲಿನಲ್ಲಿ ಮನೆ ಎಲ್ಲಿ ಅಂತ ಕೇಳಿಕೊಂಡು ಹೊರಟೆ. ಎರಡನೇ ಮಹಡಿಯ ಹೊಸ ಫ್ಲಾಟು. ಮೆಟ್ಟಿಲು ಹತ್ತುವಾಗ ಹೇಳಬೇಕಾದ ಮಾತನ್ನು ಪಾಠದ ಹಾಗೆ ಬಾಯಿಪಾಠ ಮಾಡುತ್ತಿದ್ದೆ.

ಬಾಗಿಲು ತೆಗೆದದ್ದು ಸೊಸೆ ವಸುಧಾ. ನನ್ನದೇ ವಯಸ್ಸು. ನಾನು ಹೆಸರು ಹೇಳಿದ್ದೇ ತಡ, ಅವಳ ಮುಖ ಬಿಳುಚಿತು. ಒಳಗೆ ಕಿಟಕಿಯ ಪಕ್ಕ ಸುನಂದಮ್ಮನವರು ಕಾಲು ಚಾಚಿ ಕೂತಿದ್ದರು, ತಪ್ಪಲೆ ಅವರ ಮಗ್ಗುಲಲ್ಲೇ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರುಮಾಡಿದರು.

"ಓ, ನೀವಾ ತಕೊಂಡು ಹೋದದ್ದು? ಯಾರೋ ಕನ್ನಡದವರು ಮನೆಯಲ್ಲಿ ಕಾರ್ಯಕ್ರಮ ಉಂಟು ಅಂತ ಕೇಳಿದ್ರು, ಕೊಟ್ಟೆ ಅಂತ ವಸುಧಾ ಹೇಳಿದ್ದಳು. ನಿಮ್ಮ ಕಾರ್ಯಕ್ರಮ ಎರಡು ತಿಂಗಳು ನಡೀತಾ ಮಾರಾಯ್ತಿ?"

ನನಗೆ ತಲೆಬುಡ ತಿಳಿಯಲಿಲ್ಲ. ಅವರ ಹಿಂದೆ ನಿಂತಿದ್ದ ವಸುಧಾ ಎರಡು ಕೈಯನ್ನೂ ಜೋಡಿಸಿ ನನ್ನನ್ನೇ ನೋಡುತ್ತಿದ್ದಳು. ಆಗ ಅರ್ಥವಾಯಿತು. ತಪ್ಪಲೆಯನ್ನು ಅಂಗಡಿಗೆ ಹಾಕಿದವಳು ಅವಳು. ಅತ್ತೆಗೆ ಯಾರಿಗೋ ಎರವಲು ಕೊಟ್ಟೆ ಅಂತ ಒಂದು ಸುಳ್ಳು ಅವಳು ಹೇಳಿದ್ದಳು, ಇಸಕೊಂಡೆ ಅಂತ ಅದೇ ಸುಳ್ಳಿನ ಇನ್ನೊಂದು ತುದಿಯನ್ನು ನಾನು ಹೇಳಿದ್ದೆ. ಬಾಯಿಪಾಠ ಮಾಡಿದ್ದೆಲ್ಲ ಅಲ್ಲೇ ಬಿಟ್ಟೆ.

"ಹೌದಮ್ಮ, ನಾನೇ. ತಡ ಆಯ್ತು, ತಪ್ಪು ತಿಳ್ಕೋಬೇಡಿ," ಅಂದೆ.

ಸುನಂದಮ್ಮ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಆಮೇಲೆ ತಪ್ಪಲೆಯನ್ನು ನನ್ನ ಕಡೆ ತಿರುಗಿಸಿದರು. "ಇದರ ಮೇಲೆ ಎಂತ ಬರ್ದಿದೆ, ಸ್ವಲ್ಪ ಓದಿ ನೋಡುವ. ನನ್ನ ಕಣ್ಣು ಅಷ್ಟು ಸರಿ ಇಲ್ಲ." ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ಇನ್ನೊಂದು ಸಲ ಓದಿಸಿದರು. ಆಮೇಲೆ ಸೊಸೆಗೆ ಹೇಳಿ ಬೆಲ್ಲದ ಅವಲಕ್ಕಿ ಕಲಸಿ ತಪ್ಪಲೆಗೆ ಹಾಕಿಸಿದರು. ಪಾತ್ರೆಯನ್ನು ಹಬ್ಬದೂಟದಿಂದ ಬರಿದಾಗಿ ಕಳಿಸಿದ್ದೀರಿ, ಅದು ನಮ್ಮ ಕಡೆ ಪದ್ಧತಿ ಅಲ್ಲ, ಹೇಗೆ ತುಂಬಿಸಿ ಕಳಿಸುವುದು ಅಂತ ನೋಡಿ ಕಲಿತುಕೊಳ್ಳಿ ಅಂದರು. ಬಂದ ಕೆಲಸ ಆಗದಿದ್ದರೂ ಕೈಯಲ್ಲಿ ಅದೇ ತಪ್ಪಲೆ ಹಿಡಿದು ಮೆಟ್ಟಿಲಿಳಿದೆ.

ವಸುಧಾ ಕೆಳಗಿನವರೆಗೂ ಬಂದಳು. ಹುಟ್ಟಿದ್ದು, ಓದಿದ್ದು ಎಲ್ಲ ಅಲ್ಲಿಯೇ. ಕನ್ನಡ ಅರ್ಥವಾಗುತ್ತಿತ್ತು, ಮಾತಿಗೆ ತಮಿಳು ಬೆರೆಯುತ್ತಿತ್ತು, ಓದಲು ಮಾತ್ರ ಒಂದಕ್ಷರ ಬಾರದು. ಹಳೇ ಮನೆಯಿಂದ ಫ್ಲಾಟಿಗೆ ಸಾಮಾನು ಸಾಗಿಸುವಾಗ ಅಟ್ಟದ ಮೇಲಿನ ಕಪ್ಪು ಪಾತ್ರೆಗಳ ಜೊತೆ ಇದನ್ನೂ ದಾನಕ್ಕೆ ಹಾಕಿದ್ದಳು. "ಸತ್ಯಮಾ ಗೊತ್ತಿಲ್ಲ ಅಕ್ಕಾ. ಅದು ಏನೋ ಡಿಸೈನ್ ಅಂತ ನೆನೆಚ್ಚೆ. ಅತ್ತೆ ಕೇಳಿದಾಗಲೇ ಅವರ ಹೆಸರು ಅಂತ ತಿಳಿದದ್ದು. ಅವರ ಅಮ್ಮನ ಕಡೆಯದು ಅಂತ ಮಿಚ್ಚ ಉಳಿದದ್ದೇ ಅದೊಂದು." ಅಂಗಡಿಗೆ ಓಡಿ ಹೋಗಿ ಹುಡುಕುವ ಧೈರ್ಯವೂ ಅವಳಿಗೆ ಆಗಿರಲಿಲ್ಲ. ನಾನು ಅವಳ ಕೈ ಹಿಡಿದು, ನನ್ನ ಗುಟ್ಟು ನಿನ್ನ ಹತ್ತಿರ ಇರಲಿ, ನಿನ್ನದು ನನ್ನ ಹತ್ತಿರ ಅಂದೆ.

ಅಲ್ಲಿಂದ ಮುಂದೆ ಆ ವರ್ಷ ಹೇಗೆ ಕಳೆಯಿತೋ ಗೊತ್ತಾಗಲಿಲ್ಲ. ತಪ್ಪಲೆ ವಾರಕ್ಕೊಂದು ಸಲ ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಆ ಮನೆಗೆ. ಅಲ್ಲಿಂದ ಗೋಳಿಬಜೆ, ಪತ್ರೊಡೆ, ಹಯಗ್ರೀವ. ಇಲ್ಲಿಂದ ಬಿಸಿಬೇಳೆಬಾತು, ಒಬ್ಬಟ್ಟು, ಮೈಸೂರಿನಿಂದ ಯಾರಾದರೂ ಬಂದರೆ ಅವರೆಕಾಳು. ಬರಿದಾಗಿ ಒಂದು ಸಲವೂ ಹೋಗಲಿಲ್ಲ. ನವೆಂಬರಿನ ಮಳೆಯಲ್ಲಿ ರೈಲು ಸೇತುವೆಯ ಕೆಳಗಿನ ರಸ್ತೆ ತುಂಬಿ ಮೂರು ದಿನ ಆಚೆ ಈಚೆ ಹೋಗದ ಹಾಗಾಯಿತು. ನಾಲ್ಕನೇ ದಿನ ವಸುಧಾ ಮೊಣಕಾಲುದ್ದ ನೀರಿನಲ್ಲಿ ತಪ್ಪಲೆಯನ್ನು ತಲೆಯ ಮೇಲೆ ಹೊತ್ತು ಬಂದಳು. ಒಳಗೆ ಬಿಸಿ ಬಿಸಿ ಕೊಟ್ಟೆ ಕಡುಬು. ತಲೆ ಒರೆಸಿಕೊಳ್ಳುತ್ತಾ ಇಬ್ಬರೂ ನೆಲದ ಮೇಲೆ ಕೂತು ಅಷ್ಟನ್ನೂ ಖಾಲಿ ಮಾಡಿದೆವು. ಒಂದೇ ವರ್ಷ ಅಂತ ದಿನ ಎಣಿಸುತ್ತಾ ಬಂದವಳು, ಒಂದೇ ವರ್ಷವಾಯಿತಲ್ಲ ಅಂತ ಕೊರಗುವ ಹಾಗಾದೆ.

ಜೂನ್ ಬಂತು, ವಾಪಸು ಹೋಗುವ ಆರ್ಡರೂ ಬಂತು. ಕುರ್ಚಿ, ಬುಟ್ಟಿ, ಕಪ್ಪುಗಳನ್ನೆಲ್ಲ ಗಾಡಿಯಲ್ಲಿ ಹಾಕಿಸಿ ಕೊನೆಯ ಶನಿವಾರ ಡಾರತಿ ಆಂಟಿಗೇ ಹಿಂದಿರುಗಿಸಿದೆ. ಅವರು ಒಂದೊಂದನ್ನೇ ಗುರುತು ಹಿಡಿದು, ನಾನು ಯಾತಕ್ಕೆ ಅಂತ ಹೇಳಿ ಕೊಂಡಿದ್ದೆನೋ ಅದನ್ನೂ ನೆನಪಿಸುತ್ತಾ ಎತ್ತಿಟ್ಟುಕೊಂಡರು. ಓದಲಿಕ್ಕೆ ಕೊಂಡ ತಪ್ಪಲೆ ಎಲ್ಲಿ ಅಂತ ಕೇಳಿದರು. ಅದು ನನ್ನ ಹತ್ತಿರ ಇರುತ್ತದೆ ಅಂದೆ. ಆಗ ಅವರು ಒಂದು ಮಾತು ಹೇಳಿದರು. ನಾನು ಅದನ್ನು ಕೊಂಡ ಮುಂದಿನ ಶನಿವಾರವೇ ಮಂಡಿನೋವಿನ ಕನ್ನಡದ ಹೆಂಗಸೊಬ್ಬರು ಆಟೋದಲ್ಲಿ ಒಬ್ಬರೇ ಬಂದಿದ್ದರಂತೆ. ಮನೆ ಬದಲಾಯಿಸುವಾಗ ತಾಯಿ ಕೊಟ್ಟ ತಪ್ಪಲೆ ತಪ್ಪಿ ಇಲ್ಲಿಗೆ ಬಂದಿದೆ, ಸೊಸೆಗೆ ತಿಳಿಯುವುದು ಬೇಡ ಅಂದರಂತೆ. ಮೈಸೂರಿನ ಒಬ್ಬಳು ಹುಡುಗಿ ಅದರ ಮೇಲಿನ ಹೆಸರು ಓದಿ, ಓದಲಿಕ್ಕೆ ಬೇಕು ಅಂತ ಕೊಂಡು ಹೋದಳು ಅಂತ ಆಂಟಿ ಹೇಳಿದಾಗ, ಅಲ್ಲೇ ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಹಾಗಾದರೆ ಅದು ಸರಿಯಾದ ಕೈಗೇ ಹೋಗಿದೆ ಅಂದು, ಒಂದು ಪಿಂಗಾಣಿ ತಟ್ಟೆ ಕೊಂಡು ಹೋದರಂತೆ.

ನಾನೂ ಅದೇ ಕುರ್ಚಿಯಲ್ಲಿ ಕೂತೆ. ಹಬ್ಬದೂಟಕ್ಕೆ ಮೆಟ್ಟಿಲಿಳಿಯದ ಹೆಂಗಸು ತಪ್ಪಲೆಗಾಗಿ ಇಳಿದಿದ್ದರು. ಎಲ್ಲ ಗೊತ್ತಿದ್ದೂ ವರ್ಷವಿಡೀ ಸೊಸೆಯ ಮುಖ ಸಣ್ಣದಾಗದ ಹಾಗೆ, ನನ್ನದೂ ಆಗದ ಹಾಗೆ ನಡೆಸಿಕೊಂಡು ಬಂದಿದ್ದರು. ಕಣ್ಣು ಸರಿ ಇಲ್ಲ ಅಂತ ಓದಿಸಿದ್ದು ಯಾಕೆ ಅಂತ ಆಗ ತಿಳಿಯಿತು. ಅಂಥ ಅತ್ತೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಸಂಜೆ ತಪ್ಪಲೆಯ ತುಂಬ ಪುಳಿಯೋಗರೆ ಕಲಸಿಕೊಂಡು ಹೋದೆ. ಇದು ನಿಮ್ಮದು, ನಿಮ್ಮಲ್ಲೇ ಇರಲಿ ಅಂದೆ. ಸುನಂದಮ್ಮ ಪುಳಿಯೋಗರೆಯನ್ನು ಬೇರೆ ಪಾತ್ರೆಗೆ ತೆಗೆಸಿ, ತಪ್ಪಲೆಗೆ ರೈಲಿನಲ್ಲಿ ತಿನ್ನಲು ಚಕ್ಕುಲಿ ತುಂಬಿದರು. ನಾನು ಬೇಡ ಬೇಡ ಅನ್ನುತ್ತಿದ್ದ ಹಾಗೇ ನನ್ನ ಕೈಗಿಟ್ಟರು.

"ಇಟ್ಕೊಳ್ಳಿ. ಓದ್ಲಿಕ್ಕೆ ಆಗ್ತದೆ."

ವಸುಧಾ ನಕ್ಕಳು. ಪಾತ್ರೆಯನ್ನು ಯಾರಾದರೂ ಓದುತ್ತಾರಾ, ಅತ್ತೆಗೆ ವಯಸ್ಸಾಯಿತು ಅಂದಳು. ಸುನಂದಮ್ಮನೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಚಕ್ಕುಲಿ ಖಾಲಿಯಾದ ಮೇಲೆ ತಂದುಕೊಡಿ, ಬರಿದಾಗಿ ಮಾತ್ರ ತರಬೇಡಿ ಅಂದರು.

ಹಾಗೇ ಮಾಡಿದೆ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ ತುಂಬಿಸಿಕೊಂಡು ಹೋಗುತ್ತಿದ್ದೆ, ತುಂಬಿಸಿಕೊಂಡು ಬರುತ್ತಿದ್ದೆ. ಸುನಂದಮ್ಮ ಹೋದ ವರ್ಷ ತೀರಿಕೊಂಡರು, ಎಂಬತ್ತು ದಾಟಿತ್ತು, ಮಲಗಿದ್ದವರು ಏಳಲಿಲ್ಲ. ಮೊನ್ನೆ ನಾನು ಒಬ್ಬಟ್ಟು ತುಂಬಿಕೊಂಡು ಹೋದಾಗ ವಸುಧಾ ಒಬ್ಬಳೇ ಅಡುಗೆಮನೆಯಲ್ಲಿದ್ದಳು. ಅತ್ತೆ ಮಾಡುತ್ತಿದ್ದ ಹಾಗೇ ಬೆಲ್ಲದ ಅವಲಕ್ಕಿ ಕಲಸಿ ತಪ್ಪಲೆಗೆ ಹಾಕಿದಳು. ಆಮೇಲೆ ಬಹಳ ವರ್ಷದಿಂದ ಕೇಳಬೇಕು ಅಂತಿದ್ದವಳ ಹಾಗೆ ದನಿ ತಗ್ಗಿಸಿದಳು.

"ಅಕ್ಕಾ, ಅತ್ತೆಗೆ ಕಡೆ ತನಕ ತಿಳೀಲೇ ಇಲ್ಲ ಅಲ್ವಾ? ನಾನು ಅದನ್ನ ಅಂಗಡಿಗೆ ಕೊಟ್ಟದ್ದು?"

"ಇಲ್ಲ ವಸುಧಾ. ಒಂದು ಚೂರೂ ತಿಳೀಲಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಸಮಾಧಾನವಾಯಿತು ಅಂತ ನಕ್ಕಳು. ತಪ್ಪಲೆ ಈಗ ನನ್ನ ಮುಂದೆಯೇ ಇದೆ, ತಳದಲ್ಲಿ ಇನ್ನೂ ಒಂದು ಹಿಡಿ ಅವಲಕ್ಕಿ ಉಳಿದಿದೆ. ವಸುಧಾಗೆ ಇವತ್ತಿಗೂ ಕನ್ನಡ ಓದಲು ಬರುವುದಿಲ್ಲ. ಅದೊಂದೇ ಧೈರ್ಯದ ಮೇಲೆ ಇಷ್ಟನ್ನು ಬರೆದಿದ್ದೇನೆ.